ಮುಂಜಾವಿನ ಉಪವಾಸ

ಹಾಸನ
೧೦ ಜೂನ್ ೧೯೫೧

ಪ್ರಿಯ ಪುತ್ರಿ ಲೂರ್ದಮ್ಮನಿಗೆ,

ಸರ್ವೇಶ್ವರನ ಕೃಪೆಯೂ ತಂದೆಯ ಹರಕೆಯೂ ನಿನ್ನ ಹೊಸ ಉದ್ಯೋಗವನ್ನು ಕಾಪಾಡಲಿ.

ನೀನು ಕ್ಷೇಮವಾಗಿ ಮೈಸೂರನ್ನು ಸೇರಿ, ಲಷ್ಕರ್ ಮೊಹಲ್ಲಾದಲ್ಲಿ ನಿನ್ನ ಸೋದರತ್ತೆ ಅಂತೋಣಿಯಮ್ಮನ ಮನೆಯಲ್ಲಿ ನೆಲೆಸಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ ಮೊದಲ ವಾರವನ್ನು ಪೂರೈಸಿದೆಯೆಂದು ತಿಳಿದು ಸಂತುಷ್ಟನಾದೆನು. ಇಪ್ಪತ್ತೆಂಟು ವರ್ಷ ಕನ್ನಡ ಪಂಡಿತನಾಗಿ ಹುಡುಗರನ್ನು ತಿದ್ದಿದ ಅನುಭವದಿಂದ ಒಂದು ಮಾತನ್ನು ಹೇಳುತ್ತೇನೆ. ಒಬ್ಬರ ಹಗಲು ಹೇಗೆ ಸಾಗುವುದೆಂಬುದು ಅವರ ಮುಂಜಾವಿನಲ್ಲಿಯೇ ನಿಶ್ಚಯವಾಗಿಬಿಡುತ್ತದೆ. ಮುಂಜಾವನ್ನು ಸಡಿಲ ಬಿಟ್ಟವನು ಮಿಕ್ಕ ಹೊತ್ತನ್ನೆಲ್ಲ ಅದರ ಹಿಂದೆ ಓಡುವುದರಲ್ಲಿಯೇ ಕಳೆಯುತ್ತಾನೆ.

ಆದುದರಿಂದ ನಾಲ್ಕೂವರೆಗೆ ಏಳತಕ್ಕದ್ದು. ಎದ್ದೊಡನೆ ತೊಟ್ಟಿಯ ತಣ್ಣೀರಿನಲ್ಲಿ ಸ್ನಾನ, ಬಳಿಕ ಮೊಣಕಾಲೂರಿ ಉದಯಪ್ರಾರ್ಥನೆ, ಅನಂತರ ದೀಪದ ಬೆಳಕಿನಲ್ಲಿ ಆ ದಿನದ ಪಾಠವನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುವುದು. ಕಣ್ಣಿನಿಂದ ಮಾತ್ರ ಓದಿದ್ದು ತರಗತಿಯಲ್ಲಿ ಕೈಕೊಡುತ್ತದೆ. ಆರು ಗಂಟೆಯ ಮೊದಲ ಪೂಜೆಗೆ ದೇವಾಲಯದಲ್ಲಿರಬೇಕು. ನಿನ್ನ ತಾಯಿ ಕಡೆಯ ದಿನದವರೆಗೆ ಮಾಡಿದಂತೆ ಪ್ರತಿದಿನವೂ ಪೀಠದ ಮುಂದಿನ ಕಟಕಟೆಗೆ ಹೋಗಿ, ಸ್ವಾಮಿಗಳು ನಾಲಿಗೆಯ ಮೇಲಿಡುವ ಸತ್ಪ್ರಸಾದವನ್ನು ಸ್ವೀಕರಿಸಬೇಕು. ಅರ್ಧರಾತ್ರಿಯಿಂದ ಆ ಗಳಿಗೆಯವರೆಗೆ ಅನ್ನವಾಗಲಿ ಹನಿ ನೀರಾಗಲಿ ಗಂಟಲಿನಿಂದ ಇಳಿಯಕೂಡದೆಂಬ ಧರ್ಮಸಭೆಯ ಕಟ್ಟಳೆಯನ್ನು ನಿನಗೆ ನೆನಪಿಸಬೇಕಾಗಿಲ್ಲ. ಏಳಕ್ಕೆ ಮನೆಗೆ ಮರಳಿ ಗಂಜಿ ಕುಡಿದರೆ, ಶಾಲೆಯ ಗಂಟೆಯವರೆಗೆ ಮೂರು ಗಂಟೆಗಳ ಹೊತ್ತು ನಿನ್ನದು.

ಇನ್ನೊಂದು ವಿಷಯ. ರೈಲ್ವೆಯಲ್ಲಿ ಗುಮಾಸ್ತನಾಗಿರುವ ಆರೋಗ್ಯಸ್ವಾಮಿಗೆ ನಿನ್ನನ್ನು ಕೊಡುವ ಮಾತು ಮುಂದುವರಿದಿದೆ. ಅವನ ತಂದೆ ಚೌರಪ್ಪನವರು ಸಾಧುಗಳು. ತಾಯಿ ಜ್ಞಾನಮ್ಮನವರು ಮಾತ್ರ ನನಗೆ ನೇರವಾಗಿಯೇ ಹೇಳಿದರು: "ಹುಡುಗಿ ಓದಿದ್ದಾಳೆ ಅನ್ನೋದು ಸರಿ ಪಂಡಿತರೇ. ಮುಂಜಾನೆ ಎದ್ದೇಳ್ತಾಳೋ ಇಲ್ವೋ, ಅದನ್ನ ನಾನೇ ನೋಡ್ಕೋತೀನಿ ಬುಡಿ." ಆಕೆಯೂ ಅದೇ ಮೊದಲ ಪೂಜೆಗೆ ದಿನವೂ ಬರುವವರು. ನೀನು ಅರಿತುಕೊಳ್ಳುವೆ.

ನಿನ್ನ ಶ್ರೇಯಸ್ಸನ್ನು ಬಯಸುವ ತಂದೆ,
ಇನ್ನಾಸಪ್ಪ

ಮೈಸೂರು
೧೯ ಆಗಸ್ಟ್ ೧೯೫೧

ಪೂಜ್ಯ ಅಪ್ಪನವರಿಗೆ ಲೂರ್ದಮ್ಮನ ನಮಸ್ಕಾರಗಳು.

ನೀವು ಹಾಕಿಕೊಟ್ಟ ಕ್ರಮವನ್ನು ಹತ್ತು ವಾರಗಳಿಂದ ಒಂದು ದಿನವೂ ಬಿಡದೆ ನಡೆಸಿದ್ದೇನೆ. ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುವುದರಿಂದ ಬಹಳ ಪ್ರಯೋಜನವಾಗಿದೆ. ಮುಖ್ಯೋಪಾಧ್ಯಾಯಿನಿಯವರು ಮೆಚ್ಚಿ ಮೇಲಿನ ತರಗತಿಯನ್ನೂ ನನಗೇ ಒಪ್ಪಿಸಿದ್ದಾರೆ. ನಾಲ್ಕೂವರೆಗೆ ಏಳುವುದೂ ಕಷ್ಟವಲ್ಲ. ಅದಕ್ಕೆ ಮೊದಲೇ ಬಾಯಾರಿಕೆಯಿಂದ ಎಚ್ಚರವಾಗಿರುತ್ತದೆ.

ಮೈ ಸ್ವಲ್ಪ ಇಳಿದಿದೆ. ಅತ್ತೆ ದಿನವೂ ತಮಾಷೆ ಮಾಡುತ್ತಾರೆ: "ನಿಮ್ಮಪ್ಪ ಬರ್ಕೊಟ್ಟ ಟೈಮ್‌ಟೇಬಲ್ಲು ನಿನ್ನ ಅರ್ಧ ತಿಂದಾಕ್ಬುಟ್ಟದೆ ಕಣೆ. ಇನ್ನರ್ಧ ಇದ್ದಾಗ್ಲೇ ಮದ್ವೆ ಮಾಡ್ಬುಡ್ಬೇಕು." ಮೈಸೂರಿನ ನೀರು ಒಗ್ಗಿದರೆ ಸರಿಹೋಗುತ್ತದೆ ಎಂದುಕೊಂಡಿದ್ದೇನೆ.

ಒಂದು ಸಂದೇಹವನ್ನು ನಿಮ್ಮಲ್ಲಿ ಕೇಳಬೇಕು. ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರಿನ ತಂಪು ನಾಲಿಗೆಯ ಮೇಲೆ ಉಳಿಯುತ್ತದೆ. ನಾನು ಅದನ್ನು ಉಗುಳಲು ಅವಸರಪಡುವುದಿಲ್ಲ. ಹಾಗೆ ಬಾಯಲ್ಲಿ ನೀರನ್ನು ಇಟ್ಟುಕೊಂಡು ನಿಂತರೆ ಉಪವಾಸ ಮುರಿಯುತ್ತದೆಯೇ?

ನಿಮ್ಮ ವಿಧೇಯ ಮಗಳು,
ಲೂರ್ದಮ್ಮ

ಹಾಸನ
೨೬ ಆಗಸ್ಟ್ ೧೯೫೧

ಪ್ರಿಯ ಪುತ್ರಿಗೆ,

ನಿನ್ನ ಸಂದೇಹಕ್ಕೆ ಉತ್ತರ ಸುಲಭವಾದದ್ದು. ನುಂಗದ ನೀರು ಉಪವಾಸವನ್ನು ಮುರಿಯದು. ಮುಕ್ಕಳಿಸುವಾಗ ಒಂದೆರಡು ಹನಿ ಉಗುಳಿನೊಡನೆ ತಾನಾಗಿ ಇಳಿದರೂ ದೋಷವಿಲ್ಲವೆಂದು ಧರ್ಮಜ್ಞರು ತೀರ್ಮಾನಿಸಿದ್ದಾರೆ. ಉದ್ದೇಶಪೂರ್ವಕವಾಗಿ ಕುಡಿದದ್ದು ಮಾತ್ರ ಭಂಗ.

ಆದರೆ ಪ್ರಶ್ನೆಗಿಂತ ಪ್ರಶ್ನೆಯ ಹಿಂದಿನ ಮನಸ್ಸನ್ನು ಕುರಿತು ಹೇಳುತ್ತೇನೆ. ಬಾಯಲ್ಲಿ ನೀರನ್ನಿಟ್ಟುಕೊಂಡು ನಿಲ್ಲುವವಳು ಕಟ್ಟಳೆಯ ಅಂಚಿನಲ್ಲಿ ನಿಂತಿದ್ದಾಳೆ. ಒಳಗೆ ನಿಲ್ಲು. ಬಾಯಾರಿಕೆಯು ಒಂದೆರಡು ಗಂಟೆಗಳದು. ಅದನ್ನು ಶಿಲುಬೆಯ ಮೇಲೆ ಬಾಯಾರಿದ ಸ್ವಾಮಿಗೆ ಅರ್ಪಿಸಿಬಿಡು. ಅಭ್ಯಾಸವಾದಂತೆ ದೇಹ ತಾನಾಗಿ ಅಡಗುತ್ತದೆ.

ಆಶೀರ್ವಾದಗಳೊಂದಿಗೆ,
ಇನ್ನಾಸಪ್ಪ

ಬನ್ನಿಮಂಟಪ, ಮೈಸೂರು
೨೬ ಅಕ್ಟೋಬರ್ ೧೯೫೧

ಕುಮಾರಿ ಲೂರ್ದಮ್ಮನವರಿಗೆ,

ನಿನ್ನೆ ಗುರುವಾರ ನೀವು ಬರಲಿಲ್ಲ. ಮನೆಗೆ ಬರೆಯಕೂಡದೆಂದು ಕೇಳಿಕೊಂಡಿದ್ದರಿಂದ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ತರಗತಿಯಲ್ಲಿ ಬವಳಿ ಬಿದ್ದ ನಿಮ್ಮನ್ನು ಕಳೆದ ತಿಂಗಳು ಶಾಲೆಯವರು ನನ್ನಲ್ಲಿಗೆ ಕರೆತಂದರು. ಮೂತ್ರಪರೀಕ್ಷೆಯ ನೀಲಿ ದ್ರಾವಣ ಕುದಿದು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದನ್ನು ನೀವೇ ಕಂಡಿರಿ. ಇದು ಸಿಹಿಮೂತ್ರ ರೋಗ. ನಿಮ್ಮ ವಯಸ್ಸಿನಲ್ಲಿ ಬಂದರೆ ಇನ್ಸುಲಿನ್ ಚುಚ್ಚಿಕೊಳ್ಳದೆ ಬದುಕುವ ದಾರಿಯಿಲ್ಲ. ಚುಚ್ಚಿಕೊಂಡರೆ ಬಹುಕಾಲ ಬದುಕಿ ಪಾಠ ಹೇಳಬಹುದು.

ಬೆಳಗಿನ ಕ್ರಮವನ್ನು ಇನ್ನೊಮ್ಮೆ ಬರೆಯುತ್ತೇನೆ, ಗೋಡೆಗೆ ಅಂಟಿಸಲಾಗದಿದ್ದರೆ ಮನಸ್ಸಿಗೆ ಅಂಟಿಸಿಕೊಳ್ಳಿ. ಎದ್ದ ಕೂಡಲೇ ಸೂಜಿಯನ್ನು ಕುದಿಯಲು ಇಡಿ. ಒದ್ದೆ ಮರಳಿನ ಮಡಕೆಯಲ್ಲಿಟ್ಟ ಔಷಧವನ್ನು ತೆಗೆದು ಚುಚ್ಚಿಕೊಳ್ಳಿ. ಕಾಲು ಗಂಟೆಯೊಳಗೆ ತಿನ್ನಿ. ಈ ಔಷಧ ನಿಧಾನವಾಗಿ ಕೆಲಸ ಮಾಡುವ ಜಾತಿಯದು. ಇಂದು ಚುಚ್ಚಿದ್ದರ ಬಲ ನಾಳೆಯ ನಸುಕಿಗೆ ಪೂರ್ತಿ ಏರಿರುತ್ತದೆ. ಆ ಹೊತ್ತಿನಲ್ಲಿ ಹೊಟ್ಟೆ ಬರಿದಾಗಿದ್ದರೆ ಮೊದಲು ಬೆವರು, ಆಮೇಲೆ ನಡುಕ, ಆಮೇಲೆ ದಿಕ್ಕು ತಪ್ಪುವುದು, ಕೊನೆಗೆ ಪ್ರಜ್ಞೆ ಹೋಗುವುದು. ಆ ನಿದ್ರೆಯಿಂದ ಏಳದವರನ್ನು ನಾನು ಕಂಡಿದ್ದೇನೆ.

ಬೆಳಿಗ್ಗೆ ತಿನ್ನಲು ನಿಮ್ಮ ಧರ್ಮದ ಅಡ್ಡಿಯಿದೆ ಎಂದಿರಿ. ಏಕಾದಶಿಯಂದು ನೀರನ್ನೂ ಮುಟ್ಟದ ಮನೆಯಲ್ಲಿ ಹುಟ್ಟಿದವನು ನಾನು. ಉಪವಾಸವನ್ನು ಹಗುರವಾಗಿ ಕಾಣುವವನಲ್ಲ. ಆದರೂ ಹೇಳುತ್ತೇನೆ, ನಿಮಗೆ ಉಪವಾಸವೆಂಬುದು ಇನ್ನು ಇಲ್ಲ.

ತಂದೆಯವರಿಗೆ ತಿಳಿಸಿ. ಮದುವೆಯ ಮಾತು ನಡೆದಿದೆಯೆಂದು ಮುಚ್ಚಿಟ್ಟರೆ ಈ ಚಿಕಿತ್ಸೆ ನಡೆಯದು.

ಬಿಂದುಮಾಧವ, ವೈದ್ಯ

ಮೈಸೂರು
೨ ಡಿಸೆಂಬರ್ ೧೯೫೧

ಅಣ್ಣಯ್ಯನವರ ಪಾದಗಳಿಗೆ ತಂಗಿ ಅಂತೋಣಿಯಮ್ಮ ಮಾಡುವ ನಮಸ್ಕಾರ.

ಬರೆಯಬಾರದೆಂದು ಎರಡು ತಿಂಗಳು ತಡೆದೆ. ಇನ್ನು ತಡೆದರೆ ನಾಳೆ ನೀವು ನನ್ನನ್ನೇ ಬೈಯುತ್ತೀರಿ. ಲೂರ್ದು ದಿನವೂ ಪೂಜೆಗೆ ಬ‌ರುತ್ತಾಳೆ, ಆದರೆ ಸತ್ಪ್ರಸಾದಕ್ಕೆ ಹೋಗುವುದಿಲ್ಲ. ಹೆಂಗಸರ ಸಾಲೆಲ್ಲ ಎದ್ದು ಕಟಕಟೆಗೆ ಹೋದಾಗ ಇವಳೊಬ್ಬಳೇ ತಲೆ ತಗ್ಗಿಸಿ ಕೂತಿರುತ್ತಾಳೆ. ಪಾಪನಿವೇದನೆಗಂತೂ ಶನಿವಾರ ಶನಿವಾರ ಹೋಗಿ ಬರುತ್ತಾಳೆ. ಹೋಗಿ ಬಂದೂ ಕೂತಿರುತ್ತಾಳೆ.

ಹೋದ ಭಾನುವಾರ ಮೆಟ್ಟಿಲ ಮೇಲೆ ಜ್ಞಾನಮ್ಮ ಹಿಡಿದುಕೊಂಡಳು. "ಯಾಕ್ ಅಂತೋಣಿಯಮ್ಮ, ನಿಮ್ ಹುಡ್ಗಿ ಕಟಕಟೆ ತಾವ ಬರೋದೇ ಬುಟ್ಬುಟ್ಟವಳಲ್ಲ? ಕಾಲು ನೋವಾ?"

"ಇಲ್ಲ ಕಣ್ರೀ, ಏನೋ ಮೈ ಸರಿಯಿಲ್ಲ" ಅಂದೆ.

"ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಆರು ಗಂಟೆಗೇ ಸರಿಯಾಗಿ ಸರಿಯಿಲ್ವಾ? ನಾನೂ ಹೆಂಗ್ಸೇ ಕಣಮ್ಮ. ಕೂತಿರೋಳು ಯಾಕ್ ಕೂತವಳೆ ಅಂತ ನಂಗೂ ಗೊತ್ತಾಯ್ತದೆ."

ನನಗೆ ನೆಲ ಬಿರಿದಂತಾಯಿತು. ಮನೆಗೆ ಬಂದು ಕೇಳಿದರೆ "ಬುಡಿ ಅತ್ತೆ" ಅಂದಳು, ಅಷ್ಟೇ. ನಸುಕಿನಲ್ಲಿ ಎದ್ದು ಅಡುಗೆಮನೆ ಬಾಗಿಲು ಹಾಕಿಕೊಳ್ಳುತ್ತಾಳೆ, ಸ್ಟವ್ ಉರಿಯುವ ಸದ್ದು ಕೇಳುತ್ತದೆ. ಗುರುವಾರ ಸಂಜೆ ಬನ್ನಿಮಂಟಪದ ಕಡೆ ಯಾರದೋ ಮನೆಗೆ ಹೋಗುತ್ತಾಳೆ. ಯಾರು ಅಂದರೆ ಶಾಲೆ ಕೆಲಸ ಅನ್ನುತ್ತಾಳೆ.

ನಮ್ಮ ಹುಡುಗಿ ಅಂಥವಳಲ್ಲ ಅಣ್ಣಯ್ಯ. ಆದರೂ ನೀವೇ ಒಂದು ಮಾತು ಕೇಳಿ.

ತಂಗಿ,
ಅಂತೋಣಿಯಮ್ಮ

ಹಾಸನ
೮ ಡಿಸೆಂಬರ್ ೧೯೫೧

ಲೂರ್ದಮ್ಮನಿಗೆ,

ಇಂದು ದೇವಮಾತೆಯ ಹಬ್ಬ. ಈ ಪತ್ರವನ್ನು ಬರೆಯುವಂತಾದುದಕ್ಕೆ ನನ್ನ ಕೈ ನಾಚುತ್ತಿದೆ.

ನೀನು ಎರಡು ತಿಂಗಳಿಂದ ಸತ್ಪ್ರಸಾದವನ್ನು ಸ್ವೀಕರಿಸುತ್ತಿಲ್ಲವೆಂದು ತಿಳಿಯಿತು. ಪೂಜೆಗೆ ಬಂದು ಕಟಕಟೆಗೆ ಹೋಗದವರಿಗೆ ಎರಡೇ ಕಾರಣ. ಒಂದು, ಉಪವಾಸ ಮುರಿದಿರುವುದು. ಇನ್ನೊಂದು, ಮಾರಕ ಪಾಪವು ಆತ್ಮದ ಮೇಲೆ ಉಳಿದಿರುವುದು. ಒಂದು ದಿನವಾದರೆ ಮರೆತು ನೀರು ಕುಡಿದಳೆನ್ನಬಹುದು. ಎರಡು ತಿಂಗಳು ಮರೆಯುವವರುಂಟೇ? ಪ್ರತಿ ಶನಿವಾರ ಪಾಪನಿವೇದನೆ ಮಾಡಿಯೂ ಮರುದಿನ ಕುಳಿತಿರುವವಳು, ಯಾವುದೋ ಒಂದನ್ನು ಬಿಡಲೊಲ್ಲದೆ ಹಿಡಿದುಕೊಂಡಿದ್ದಾಳೆಂದೇ ಜನ ತಿಳಿಯುತ್ತಾರೆ. ನಾನೂ ಬೇರೇನನ್ನು ತಿಳಿಯಲಿ?

ಬನ್ನಿಮಂಟಪದಲ್ಲಿ ಯಾರಿದ್ದಾರೆಂದು ನಾನು ಕೇಳುವುದಿಲ್ಲ. ಕೇಳಿ, ನೀನು ಹೇಳುವ ಉತ್ತರವನ್ನು ಓದುವ ಧೈರ್ಯ ನನಗಿಲ್ಲ. ಅದನ್ನು ಬಿಡು ಎಂದು ಮಾತ್ರ ಹೇಳುತ್ತೇನೆ. ಕ್ರಿಸ್ತಜಯಂತಿಯ ನಂತರದ ಭಾನುವಾರ, ಡಿಸೆಂಬರ್ ಮೂವತ್ತರಂದು, ನೀನು ಕಟಕಟೆಗೆ ಹೋಗಬೇಕು. ಹೋದೆಯೆಂದು ಅಂತೋಣಿಯಮ್ಮ ನನಗೆ ಬರೆಯಬೇಕು. ಇಲ್ಲವಾದಲ್ಲಿ ಚೌರಪ್ಪನವರಿಗೆ ನಾನೇ ಬರೆದು ಈ ಮದುವೆಯ ಮಾತನ್ನು ನಿಲ್ಲಿಸುತ್ತೇನೆ. ನಿರ್ದೋಷಿಯಾದ ಹುಡುಗನನ್ನು ವಂಚಿಸಲಾರೆ.

ಇನ್ನಾಸಪ್ಪ

ಮೈಸೂರು
೩೧ ಡಿಸೆಂಬರ್ ೧೯೫೧

ಪೂಜ್ಯ ಅಪ್ಪನವರಿಗೆ,

ನಿಮ್ಮ ಆಜ್ಞೆಯಂತೆ ನಿನ್ನೆ ಉಪವಾಸವಿದ್ದು ಸತ್ಪ್ರಸಾದವನ್ನು ಸ್ವೀಕರಿಸಿದೆ. ಹೆಚ್ಚು ಬರೆಯಲಾರೆ. ಕೈ ಇನ್ನೂ ಸ್ಥಿರವಾಗಿಲ್ಲ.

ಲೂರ್ದಮ್ಮ

ಹಾಸನ
೬ ಜನವರಿ ೧೯೫೨

ಪ್ರಿಯ ಪುತ್ರಿಗೆ,

ನಿನ್ನ ಎರಡು ಸಾಲನ್ನು ಹತ್ತು ಬಾರಿ ಓದಿದೆನು. ನಿನ್ನ ಕೈ ನಡುಗಿದ್ದು ಪಶ್ಚಾತ್ತಾಪದಿಂದ. ಆ ನಡುಕ ಪವಿತ್ರವಾದುದು. ಹಿಂದಿನದನ್ನು ಇನ್ನು ಎತ್ತುವುದಿಲ್ಲ.

ಚೌರಪ್ಪನವರೊಡನೆ ಮಾತು ಮುಗಿಸಿದ್ದೇನೆ. ಫೆಬ್ರವರಿ ಹದಿನೇಳರ ಭಾನುವಾರ ನಿಶ್ಚಯ ತಾಂಬೂಲ. ಅಂದು ಬೆಳಿಗ್ಗೆ ಎರಡು ಮನೆಯವರೂ ಒಟ್ಟಿಗೆ ಪೂಜೆಯಲ್ಲಿದ್ದು, ಒಟ್ಟಿಗೆ ಸತ್ಪ್ರಸಾದವನ್ನು ಸ್ವೀಕರಿಸಿ, ಬಳಿಕ ತಾಂಬೂಲ ಬದಲಾಯಿಸಬೇಕೆಂದು ಜ್ಞಾನಮ್ಮನವರ ಅಪೇಕ್ಷೆ. ನನ್ನದೂ ಅದೇ. ಅಲ್ಲಿಯವರೆಗೆ ದಿನವೂ ಹಿಂದಿನ ಕ್ರಮದಂತೆ ನಡೆದುಕೋ. ಕಡಿದ ಅಭ್ಯಾಸವನ್ನು ನಲವತ್ತು ಮುಂಜಾವುಗಳಲ್ಲಿ ಮತ್ತೆ ಕೂಡಿಸಬಹುದು.

ಸಂತುಷ್ಟನಾದ ತಂದೆ,
ಇನ್ನಾಸಪ್ಪ

ಮೈಸೂರು
೨೦ ಜನವರಿ ೧೯೫೨

ಅಪ್ಪಾ,

ನಲವತ್ತು ಮುಂಜಾವು ನಾನು ಹಾಗೆ ನಡೆದುಕೊಂಡರೆ ಹದಿನೇಳರಂದು ನೀವು ತಾಂಬೂಲಕ್ಕೆ ಬರಬೇಕಾಗುವುದಿಲ್ಲ. ಇದನ್ನು ಹೆದರಿಸಲು ಬರೆದದ್ದಲ್ಲ. ವೈದ್ಯರ ಕಾಗದವನ್ನು ಇದರೊಡನೆ ಇಟ್ಟಿದ್ದೇನೆ, ಓದಿ. ಬನ್ನಿಮಂಟಪದಲ್ಲಿ ಇರುವವರು ಅವರೇ. ಅರವತ್ತು ದಾಟಿದ ಬಿಂದುಮಾಧವರು.

ನನಗೆ ಸಿಹಿಮೂತ್ರ ರೋಗ ಬಂದಿದೆ. ಬದುಕಿರುವವರೆಗೆ ದಿನವೂ ಸೂಜಿ ಚುಚ್ಚಿಕೊಳ್ಳಬೇಕು, ಎದ್ದ ಕೂಡಲೇ ತಿನ್ನಬೇಕು. ಅಡುಗೆಮನೆಯ ಬಾಗಿಲು ಹಾಕಿಕೊಂಡು ನಾನು ಮಾಡುತ್ತಿದ್ದುದು ಇಷ್ಟೇ. ತಿಂದವಳು ಕಟಕಟೆಗೆ ಹೋಗುವಂತಿಲ್ಲ, ಹೋಗದವಳು ಪಾಪಿ. ಶನಿವಾರ ಪಾಪನಿವೇದನೆಯಲ್ಲಿ ಸ್ವಾಮಿಗಳಿಗೆ ಹೇಳಿಕೊಳ್ಳಲು ನನ್ನಲ್ಲಿ ಇದ್ದದ್ದು ಒಂದೇ ಪಾಪ, ನಿಮಗೆ ಸುಳ್ಳು ಬರೆಯುತ್ತಿರುವುದು.

ಮೂವತ್ತನೆಯ ತಾರೀಖು ನಾನು ತಿನ್ನದೆ ಹೋದೆ. ಹಿಂದಿನ ದಿನದ ಔಷಧ ಮೈಯಲ್ಲಿತ್ತು. ದಾರಿಯುದ್ದಕ್ಕೂ ಅತ್ತೆ ಹಿಗ್ಗುತ್ತಿದ್ದರು, "ಇವತ್ತೇ ಬರೀತೀನಿ ಕಣೆ ನಿಮ್ಮಪ್ಪನಿಗೆ" ಎಂದು. ಕಟಕಟೆಯ ಮುಂದೆ ಮೊಣಕಾಲೂರಿದಾಗ ಸೀರೆಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ಸತ್ಪ್ರಸಾದ ನಾಲಿಗೆಯ ಮೇಲೆ ಬಂದದ್ದು ನೆನಪಿದೆ. ಎದ್ದು ತಿರುಗಿದವಳು ನಮ್ಮ ಸಾಲಿಗೆ ಬರಲಿಲ್ಲವಂತೆ. ನೇರವಾಗಿ ನಡೆದುಹೋಗಿ ಗಂಡಸರ ಸಾಲಿನಲ್ಲಿ, ಆರೋಗ್ಯಸ್ವಾಮಿಯವರ ಹಿಂದೆ ಕುಳಿತೆನಂತೆ. ಯಾರೋ ನಕ್ಕರಂತೆ. ಅತ್ತೆ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದರು, ನಲ್ಲಿಯ ಹತ್ತಿರ ಬಿದ್ದೆ. ಬಾಗಿಲಲ್ಲಿ ಹೂ ಮಾರುವ ಕೆಂಚಮ್ಮ ತನ್ನ ಬುತ್ತಿಯ ಬೆಲ್ಲವನ್ನು ಬಾಯಿಗೆ ತುರುಕಿದಳು. "ಹೊಟ್ಟೆಗಿಲ್ದೆ ಸಾಯ್ತಾ ಅವಳೆ ಕಣ್ರವ್ವ. ನಿಮ್ ದೇವ್ರು ಒಂದ್ ಗಳಿಗೆ ಕಾಯ್ತಾನೆ, ನುಂಗು ಮಗ" ಎಂದಳಂತೆ. ಎಲ್ಲರೂ ಅದನ್ನು ಉಪವಾಸದ ನಿಶ್ಶಕ್ತಿ ಎಂದುಕೊಂಡರು.

ಈ ಕಾಯಿಲೆಯನ್ನು ಹೇಳಿದರೆ ಸಂಬಂಧ ಉಳಿಯದು. ಹೇಳದೆ ಕುಳಿತರೆ ಪಾಪಿಯೆಂಬ ಮಾತು ಉಳಿಯುತ್ತದೆ. ಆರೋಗ್ಯಸ್ವಾಮಿಯವರನ್ನು ಎರಡೇ ಬಾರಿ ಮಾತಾಡಿಸಿದ್ದೇನೆ. ನನಗೆ ಈ ಮದುವೆ ಬೇಕು ಅಪ್ಪಾ. ಬದುಕೂ ಬೇಕು. ಹದಿನೇಳರಂದು ನನ್ನನ್ನು ಕಟಕಟೆಗೆ ಕರೆಯಬೇಡಿ. ಉಳಿದದ್ದನ್ನು ನೀವು ಹೇಳಿದಂತೆ ಕೇಳುತ್ತೇನೆ.

ಲೂರ್ದಮ್ಮ

ಹಾಸನ
೧೦ ಫೆಬ್ರವರಿ ೧೯೫೨

ಮಗಳೇ,

ಇಪ್ಪತ್ತು ದಿನ ಉತ್ತರ ಬರೆಯದೆ ಇದ್ದೆನು. ಬರೆದು ಹರಿದದ್ದು ನಾಲ್ಕು ಪತ್ರ.

ನಿನ್ನ ಹಿಂದಿನ ಪತ್ರಗಳನ್ನೆಲ್ಲ ತೆಗೆದು ಓದಿದೆನು. ಆಗಸ್ಟಿನಲ್ಲಿಯೇ ನೀನು ಬರೆದಿದ್ದೆ, ಬಾಯಾರಿಕೆಯಿಂದ ಎಚ್ಚರವಾಗುತ್ತದೆಯೆಂದು, ಮೈ ಇಳಿದಿದೆಯೆಂದು. ನೀನು ನೀರನ್ನು ಕೇಳಿದ್ದೆ. ನಾನು ಶಾಸ್ತ್ರವನ್ನು ಕೊಟ್ಟೆ. ಡಿಸೆಂಬರಿನಲ್ಲಿ ನಾನು ಬರೆದ ಪತ್ರದ ಪ್ರತಿಯೊಂದು ವಾಕ್ಯವೂ ವ್ಯಾಕರಣಶುದ್ಧವಾಗಿತ್ತು. ಅದು ನಿನ್ನನ್ನು ಕೊಲ್ಲಬಹುದಾಗಿತ್ತು.

ಇಲ್ಲಿಯ ದೇವಾಲಯದ ಸ್ವಾಮಿಗಳನ್ನು ಕಂಡು ಕೇಳಿದೆನು. ಅವರೆಂದರು: "ಹಾಸಿಗೆ ಹಿಡಿದು ತಿಂಗಳಾದವರಿಗೆ ಕಟ್ಟಳೇಲಿ ಸಡಿಲಿಕೆ ಉಂಟು ಪಂಡಿತರೇ. ಓಡಾಡಿಕೊಂಡು ಪಾಠ ಹೇಳೋ ಹುಡುಗಿಗೆ ಸಡಿಲಿಸೋ ಅಧಿಕಾರ ನನಗಿಲ್ಲ. ಆದರೆ ತಿನ್ನಬೇಡ ಅನ್ನೋ ಅಧಿಕಾರಾನೂ ನನಗಿಲ್ಲ. ನಿಮಗೂ ಇಲ್ಲ." ಕುಳಿತಲ್ಲಿಯೇ ಮನಸ್ಸಿನಲ್ಲಿ ಕ್ರಿಸ್ತನನ್ನು ಬರಮಾಡಿಕೊಳ್ಳಲಿ, ಅದೂ ಸತ್ಪ್ರಸಾದವೇ ಎಂದು ಹೇಳಿಕಳಿಸಿದ್ದಾರೆ.

ಹದಿನಾರರಂದು ಮೈಸೂರಿಗೆ ಬರುತ್ತೇನೆ. ಚೌರಪ್ಪನವರಿಗೆ ಸತ್ಯವನ್ನು ತಿಳಿಸುವುದಕ್ಕೆ ನಿನ್ನ ಒಪ್ಪಿಗೆ ಬೇಕು. ಇದನ್ನು ಆಜ್ಞೆಯಾಗಿ ಬರೆಯುತ್ತಿಲ್ಲ, ಕೇಳುತ್ತಿದ್ದೇನೆ. ಹದಿನೇಳರ ಬೆಳಿಗ್ಗೆ ಅಡುಗೆಮನೆಯ ಬಾಗಿಲನ್ನು ಹಾಕಬೇಡ.

ಇನ್ನಾಸಪ್ಪ

ಮೈಸೂರು
೧೯ ಫೆಬ್ರವರಿ ೧೯೫೨

ಮಾನ್ಯರಾದ ಚೌರಪ್ಪನವರ ಸನ್ನಿಧಿಗೆ ಇನ್ನಾಸಪ್ಪನ ಬಿನ್ನಹ.

ಮೊನ್ನೆ ಭಾನುವಾರದ ಪೂಜೆಯಲ್ಲಿ ನೀವು ನೋಡಿದ್ದನ್ನು ವಿವರಿಸುವ ಋಣ ನನ್ನ ಮೇಲಿದೆ. ಸತ್ಪ್ರಸಾದದ ಗಂಟೆಯಾದಾಗ ನೀವೂ ನಿಮ್ಮ ಮಗನೂ ಎದ್ದಿರಿ. ಗಂಡಸರ ಸಾಲಿನಲ್ಲಿ ನಾನು ಏಳಲಿಲ್ಲ. ಹೆಂಗಸರ ಸಾಲಿನಲ್ಲಿ ನನ್ನ ಮಗಳು ಏಳಲಿಲ್ಲ. ನಮ್ಮಿಬ್ಬರ ನಡುವೆ ಓಡಾಡುವ ದಾರಿಯಷ್ಟೇ ಇತ್ತು, ಕಟಕಟೆಗೆ ಹೋಗುವವರೆಲ್ಲರೂ ಅದರಲ್ಲಿಯೇ ಹಾದುಹೋದರು. ಇಷ್ಟು ವರ್ಷಗಳಲ್ಲಿ ನಾನು ಹಾಗೆ ಕುಳಿತದ್ದು ಅದೇ ಮೊದಲು. ಜನರ ಕಣ್ಣು ಎಷ್ಟು ಭಾರವೆಂಬುದು ಅಂದು ತಿಳಿಯಿತು. ನನ್ನ ಮಗಳು ಅದನ್ನು ತಿಂಗಳುಗಟ್ಟಲೆ ಹೊತ್ತಿದ್ದಳು, ಅದರಲ್ಲಿ ನನ್ನ ಕಣ್ಣೂ ಸೇರಿತ್ತು.

ಅಂಗಳದಲ್ಲಿ ನೀವು ಕೇಳಿದಿರಿ: "ಏನ್ ಪಂಡಿತರೇ, ಅಪ್ಪ ಮಗಳು ಇಬ್ರೂ ಕೂತೇ ಇದ್ರಲ್ಲ?"

"ಬೆಳಿಗ್ಗೆ ಗಂಜಿ ಕುಡಿದು ಬಂದೆ" ಎಂದೆ.

"ಗಂಜಿ ಕುಡಿದು ಪೂಜೆಗೆ ಯಾರಾದ್ರೂ ಬರ್ತಾರಾ?" ಎಂದಿರಿ.

"ಇವತ್ತು ಇಬ್ಬರು ಬಂದಿದ್ವಿ" ಎಂದೆ. ನೀವು ಅದನ್ನು ಹಾಸ್ಯವೆಂದು ಎಣಿಸಿ ಬೇಸರಗೊಂಡಿರಿ. ಜ್ಞಾನಮ್ಮನವರು ತಾಂಬೂಲದ ತಟ್ಟೆಯನ್ನು ಮುಚ್ಚಿಸಿಬಿಟ್ಟರು. ಅವರ ಮೇಲೆ ನನಗೆ ಅಸಮಾಧಾನವಿಲ್ಲ.

ಇದು ಹಾಸ್ಯವಾಗಿರಲಿಲ್ಲ. ನನ್ನ ಮಗಳಿಗೆ ಸಿಹಿಮೂತ್ರ ರೋಗವಿದೆ. ಅದು ಗುಣವಾಗುವಂಥದಲ್ಲ, ದಿನವೂ ಔಷಧ ಚುಚ್ಚಿಕೊಂಡು, ಎದ್ದೊಡನೆ ಉಂಡರೆ ಹತೋಟಿಯಲ್ಲಿಡಬಹುದಾದದ್ದು. ಉಂಡವಳಾದ್ದರಿಂದ ಕಟಕಟೆಗೆ ಬರಲಿಲ್ಲ. ಬೇರೆ ಕಾರಣ ಎಂದೂ ಇರಲಿಲ್ಲ. ನಿನ್ನೆಯಷ್ಟೇ ದೊರೆತ ಆಕೆಯ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ನಾನು ಅಂದು ಗಂಜಿ ಕುಡಿದದ್ದು, ಅವಳೊಬ್ಬಳೇ ಕುಳಿತಿರಬಾರದೆಂದು.

ಮದುವೆಯ ವಿಷಯದಲ್ಲಿ ನಿಮ್ಮ ತೀರ್ಮಾನಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆಕೆಯ ನಡತೆಯನ್ನು ಕುರಿತು ಮೆಟ್ಟಿಲುಗಳ ಮೇಲೆ ಹುಟ್ಟಿದ ಮಾತು ಮೆಟ್ಟಿಲುಗಳ ಮೇಲೆಯೇ ಅಳಿಯಬೇಕೆಂದು ಕೈಮುಗಿದು ಬೇಡುತ್ತೇನೆ.

ಇತಿ ವಿನೀತ,
ಇನ್ನಾಸಪ್ಪ

ಮೈಸೂರು
೪ ಮಾರ್ಚ್ ೧೯೫೨

ಪಂಡಿತರಾದ ಇನ್ನಾಸಪ್ಪನವರಿಗೆ ಚೌರಪ್ಪನ ನಮಸ್ಕಾರಗಳು.

ನಿಮ್ಮ ಪತ್ರವನ್ನು ಮನೆಯವರೆಲ್ಲರೂ ಕೇಳುವಂತೆ ಓದಿದೆ. ನಿಮ್ಮ ಮಗಳ ಆತ್ಮ ನಿರ್ಮಲವಾಗಿದೆಯೆಂದು ತಿಳಿದು ಸಂತೋಷವಾಯಿತು. ತಪ್ಪು ಮಾತಾಡಿದವರನ್ನು ನಮ್ಮ ಮನೆಯಲ್ಲಿ ಗದರಿಸಿದ್ದೇನೆ.

ಆದರೂ ಈ ಸಂಬಂಧವನ್ನು ಇಲ್ಲಿಗೆ ನಿಲ್ಲಿಸುವುದೆಂದು ತೀರ್ಮಾನವಾಗಿದೆ. ಮನಸ್ಸಿನಲ್ಲಿ ಇರುವುದನ್ನು ಮುಚ್ಚದೆ ಬರೆಯುತ್ತೇನೆ. ಪಾಪವಾಗಿದ್ದರೆ ಒಂದು ಪಾಪನಿವೇದನೆಯಿಂದ ತೀರುತ್ತಿತ್ತು, ನಾವೂ ಮರೆಯುತ್ತಿದ್ದೆವು. ಇದಕ್ಕೆ ಅಂಥ ಪರಿಹಾರವಿಲ್ಲವೆಂದು ನೀವೇ ಬರೆದಿದ್ದೀರಿ. ಹುಡುಗ ಎರಡು ದಿನ ಊಟ ಬಿಟ್ಟು ನಮ್ಮೊಡನೆ ವಾದಿಸಿದ. ಕೊನೆಗೆ ತಾಯಿಯ ಮಾತಿಗೆ ಸುಮ್ಮನಾದ.

ಕ್ಷಮೆ ಕೋರುವ,
ಚೌರಪ್ಪ

ಮೈಸೂರು
೨೩ ಮಾರ್ಚ್ ೧೯೫೨

ಅಪ್ಪಾ,

ಕೆಲಸ ಬಿಟ್ಟು ಹಾಸನಕ್ಕೆ ಬಂದುಬಿಡು ಎಂದು ನೀವು ಬರೆದದ್ದು ತಲುಪಿತು. ಚೌರಪ್ಪನವರ ಉತ್ತರವನ್ನೂ ಓದಿದೆ. ಎರಡು ದಿನ ಅಳು ನಿಲ್ಲಲಿಲ್ಲ. ಮೂರನೆಯ ದಿನ ಶಾಲೆಗೆ ಹೋದೆ. ಈಗ ಅತ್ತೆ ನನಗಿಂತ ಮೊದಲೇ ಎದ್ದು ರೊಟ್ಟಿ ತಟ್ಟುತ್ತಾರೆ. ಸೂಜಿ ಚುಚ್ಚುವಾಗ ಮಾತ್ರ ಗೋಡೆಯ ಕಡೆ ತಿರುಗಿ "ಆಯ್ತೇನೆ? ಆಯ್ತೇನೆ?" ಎನ್ನುತ್ತಾರೆ.

ನಿನ್ನೆ ಪೂಜೆ ಮುಗಿದ ಮೇಲೆ ಜ್ಞಾನಮ್ಮನವರು ನನ್ನನ್ನು ನಲ್ಲಿಯ ಹಿಂದಕ್ಕೆ ಕರೆದರು. ನಾನು ಹೋಗಬಾರದೆಂದಿದ್ದೆ, ಕಾಲು ಹೋಯಿತು.

"ಲೂರ್ದು, ನಿಂಗೆ ಮೊದಮೊದಲು ಏನಾಯ್ತಿತ್ತು?" ಎಂದರು.

"ಬಾಯಾರಿಕೆ. ಎಷ್ಟು ಕುಡಿದ್ರೂ ತೀರ್ತಿರಲಿಲ್ಲ."

"ಆಮೇಲೆ?"

"ಮೈ ಇಳೀತು."

ಅವರು ಕೈಬಳೆಯನ್ನು ಮೇಲಕ್ಕೆ ಸರಿಸಿದರು. ಅದು ತಡೆಯಿಲ್ಲದೆ ಮೊಣಕೈವರೆಗೆ ಹೋಯಿತು. "ಕ್ರಿಸ್ಮಸ್ಸಿಗೆ ಇದು ಸೋಪು ಹಾಕಿದ್ರೂ ಬತ್ತಿರಲಿಲ್ಲ" ಎಂದರು. ಆಮೇಲೆ ಸುತ್ತ ನೋಡಿ, ಬಹಳ ಮೆಲ್ಲಗೆ ಹೇಳಿದರು: "ಮೂರು ವಾರದಿಂದ ನಸುಕಿಗೇ ತಡೀಲಾರ್ದೆ ನೀರು ಕುಡಿದ್ಬುಡ್ತೀನಿ ಕಣೆ. ಚೊಂಬುಗಟ್ಟಲೆ. ಕುಡಿದೂ ಕಟಕಟೆಗೆ ಹೋಯ್ತೀನಿ. ಕೂತ್ಕಂಡ್ರೆ ಎಲ್ರೂ ನೋಡ್ತಾರಲ್ಲ."

ಸಿಟ್ಟು ಬರಬೇಕಿತ್ತು. ಅವರ ತುಟಿ ಒಣಗಿ ಬಿರಿದಿದ್ದುದೇ ಕಾಣುತ್ತಿತ್ತು.

"ಸಂಬಂಧ ಬ್ಯಾಡ ಅಂತ ಆ ಕಾಗದ ಬರೆಸಿದೋಳು ನಾನೇ" ಎಂದರು. "ನಿಮ್ಮಪ್ಪನಿಗೆ ಇದನ್ನೂ ಬರಿ. ಮುಚ್ಚಬೇಡ."

ಅದಕ್ಕೇ ಬರೆದಿದ್ದೇನೆ. ಗುರುವಾರ ಅವರನ್ನು ಬಿಂದುಮಾಧವರಲ್ಲಿಗೆ ಕರೆದುಕೊಂಡು ಹೋಗಬೇಕು. ಆದ್ದರಿಂದ ಹಾಸನಕ್ಕೆ ಬರಲಾರೆ. ಗುರುವಾರಕ್ಕಾಗಿ ಮಾತ್ರವಲ್ಲ ಅಪ್ಪಾ. ನಾನು ಇಲ್ಲಿಯೇ ಇರುತ್ತೇನೆ.

"ನಾಳೆ ಏನ್ ಮಾಡ್ಲಿ?" ಎಂದು ಕೇಳಿದರು. "ಬಾಯಾರಿದರೆ ಕುಡೀರಿ" ಎಂದೆ. "ಕುಡಿದು ಪೂಜೆಗೆ ಬನ್ನಿ. ನನ್ನ ಪಕ್ಕ ಜಾಗ ಬಿಟ್ಟಿರ್ತೀನಿ."

ಇಂದು ಅವರು ಬಂದರು, ಬಂದು ಪಕ್ಕದಲ್ಲಿ ಕುಳಿತರು. ಗಂಟೆಯಾದಾಗ ಸಾಲೆಲ್ಲ ಎದ್ದಿತು. ಗಂಡಸರ ಕಡೆಯಿಂದ ಚೌರಪ್ಪನವರೂ ಆರೋಗ್ಯಸ್ವಾಮಿಯವರೂ ತಿರುಗಿ ನೋಡಿದರು. ಜ್ಞಾನಮ್ಮನವರು ಅಭ್ಯಾಸದಂತೆ ಅರ್ಧ ಎದ್ದರು. ನಾನು ಅವರ ಕೈಯನ್ನು ಹಿಡಿದೆ. ಅವರು ಒಂದು ಗಳಿಗೆ ಹಾಗೆಯೇ ನಿಂತು, ಆಮೇಲೆ ಕುಳಿತುಕೊಂಡರು.

ನಿಮ್ಮ ಮಗಳು,
ಲೂರ್ದಮ್ಮ